ಕ್ಯಾನಿಗೆ ಸುರಿದ ಮೇಲೆ ಯಾರ ಹಾಲು?

ಬೆಳಗಿನ ಆರು ಗಂಟೆಗೆ ಮದ್ದೂರು ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಡೇರಿಯ ಮುಂದೆ ಸಾಲು ನಿಂತಿರುತ್ತದೆ. ಶಿಂಷಾ ದಡದ ವೈದ್ಯನಾಥಪುರದ ಆಸುಪಾಸಿನಲ್ಲೂ ಅಷ್ಟೆ. ಒಂದೇ ಹಸು ಕಟ್ಟಿಕೊಂಡು ಮಕ್ಕಳ ಫೀಸು ಹೊಂದಿಸುವ ತಾಯಂದಿರು, ಗದ್ದೆಗೆ ಹೋಗುವ ಮೊದಲು ಹಾಲು ಹಾಕಿ ಹೋಗುವ ಗಂಡಸರು. ಟೆಸ್ಟರ್ ಸ್ಯಾಂಪಲ್ ತೆಗೆಯುತ್ತಾನೆ, ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ನೋಡುತ್ತಾನೆ, ಫ್ಯಾಟ್ ಬರೆದುಕೊಳ್ಳುತ್ತಾನೆ. ಆಮೇಲೆ ಹಾಲು ಕ್ಯಾನಿಗೆ ಬೀಳುತ್ತದೆ. ಬಿದ್ದ ಮೇಲೆ ಯಾವುದು ಯಾರ ಹಾಲು ಎಂದು ಬ್ರಹ್ಮನೂ ಹೇಳಲಾರ.

ದುಡಿಮೆಯ ನೀತಿ ಎಂದರೆ ಹೊತ್ತಿಗೆ ಸರಿಯಾಗಿ ಬರುವುದು, ಲಂಚ ಮುಟ್ಟದಿರುವುದು, ಕೊಟ್ಟ ಮಾತಿಗೆ ನಡೆಯುವುದು ಎಂದು ನಾವೆಲ್ಲ ಓದಿದ್ದೇವೆ. ಅದೆಲ್ಲ ಬೇಕು. ಆದರೆ ನಮ್ಮ ಕೆಲಸ ಇನ್ನೊಬ್ಬರ ಕೆಲಸದಲ್ಲಿ ಬೆರೆತು ಕಾಣದಂತಾಗುವ ಜಾಗವೊಂದಿದೆಯಲ್ಲ, ನೀತಿಯ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ ಎನ್ನುವುದು ನನ್ನ ನಂಬಿಕೆ. ಒಬ್ಬ ಒಂದು ಚೊಂಬು ನೀರು ಬೆರೆಸಿದರೆ ಇಡೀ ಸಂಘದ ಹಾಲಿನ ಗುಣಮಟ್ಟ ಇಳಿಯುತ್ತದೆ, ದರ ಕಡಿತವಾಗುತ್ತದೆ. ಕಳ್ಳನ ಲಾಭಕ್ಕೆ ದಂಡ ತೆರುವವರು ಪಕ್ಕದ ಮನೆಯ ಪ್ರಾಮಾಣಿಕರು.

ಈ ಮಾತು ಎಷ್ಟು ನಿಜ ಎನ್ನುವುದನ್ನು ಮಂಡ್ಯದ ಜನ 2021ರಲ್ಲಿ ಕಣ್ಣಾರೆ ಕಂಡರು. ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕದ ಗೆಜ್ಜಲಗೆರೆಯಲ್ಲಿರುವ, ಮಂಡ್ಯ ಜಿಲ್ಲಾ ಹಾಲು ಒಕ್ಕೂಟವಾದ ಮನ್‌ಮುಲ್ ಡೇರಿಗೆ ಹಾಲು ತರುತ್ತಿದ್ದ ಟ್ಯಾಂಕರಿನಲ್ಲಿ ನೀರಿಗೆಂದೇ ಗುಟ್ಟಾದ ಅಂಕಣ ಮಾಡಿಸಿದ್ದು ಬೆಳಕಿಗೆ ಬಂತು. ಹಳ್ಳಿಯಲ್ಲಿ ಒಂದು ಡಿಗ್ರಿ ಕಡಿಮೆ ಬಂದರೆ ಹಾಲು ವಾಪಸ್ ಹೊತ್ತು ಮನೆಗೆ ಹೋಗುವ ಹೆಣ್ಣುಮಗಳಿಗೆ ಈ ಸುದ್ದಿ ಹೇಗೆ ಕೇಳಿಸಿರಬೇಡ!

ಆ ಪ್ರಕರಣದಲ್ಲಿ ನನ್ನನ್ನು ಕಾಡುವುದು ಆ ಅಂಕಣ. ಅದು ತಾನಾಗಿ ಹುಟ್ಟಲಿಲ್ಲ. ತಗಡು ಕತ್ತರಿಸಿದವರು, ಬೆಸುಗೆ ಹಾಕಿದವರು, ಪೈಪು ಜೋಡಿಸಿದವರು, ಅದರಲ್ಲಿ ನೀರು ತುಂಬಿಸಿಕೊಂಡು ಗಾಡಿ ಓಡಿಸಿದವರು ಇದ್ದೇ ಇರಬೇಕು. ಇಂಥ ಕಡೆ ಕೇಳಿದರೆ ಸಿಗುವ ಉತ್ತರ ಒಂದೇ: "ಹೇಳಿದ್ ಕೆಲ್ಸ ಮಾಡ್ದೆ. ಊರ ಉಸಾಬರಿ ನಂಗ್ಯಾಕೆ?" ನಮ್ಮ ಸೀಮೆಯಲ್ಲಿ ಈ ಮಾತು ಜಾಣತನ ಎನಿಸಿಕೊಂಡುಬಿಟ್ಟಿದೆ. ದೊಡ್ಡ ಅನ್ಯಾಯಗಳೆಲ್ಲ ನಿಲ್ಲುವುದು ಈ ಪುಟ್ಟ ಮಾತಿನ ಮೇಲೆ.

2023ರ ನವೆಂಬರಿನಲ್ಲಿ ಇನ್ನೂ ಘೋರವಾದದ್ದು ಹೊರಬಿತ್ತು. ಬೆಂಗಳೂರು ಪೊಲೀಸರು ಭ್ರೂಣಲಿಂಗ ಪತ್ತೆ ಜಾಲವೊಂದನ್ನು ಬೆನ್ನತ್ತಿ ಬಂದಾಗ ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಗ ಮಂಡ್ಯದ ಒಂದು ಆಲೆಮನೆ ಎಂದು ಗೊತ್ತಾಯಿತು. ಹೊಟ್ಟೆಯಲ್ಲಿರುವುದು ಹೆಣ್ಣು ಎಂದು ತಿಳಿದರೆ ಗರ್ಭಪಾತಕ್ಕೆ ಬೇರೆ ಊರಿನ ಆಸ್ಪತ್ರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯಬೇಕಾದ, ದಾರಿಹೋಕರನ್ನೂ ಕರೆದು ಬಿಸಿ ಬೆಲ್ಲ ಕೊಡುವ ಸಂಪ್ರದಾಯದ ಆಲೆಮನೆ ಅದು. ಬಂಧಿತರಲ್ಲಿ ವೈದ್ಯರೂ ಇದ್ದರು, ಲ್ಯಾಬ್ ತಂತ್ರಜ್ಞರೂ ಇದ್ದರು, ದಲ್ಲಾಳಿಗಳೂ ಇದ್ದರು. ಲಿಂಗ ಪತ್ತೆ ನಿಷೇಧಿಸುವ ಕಾನೂನು ಬಂದದ್ದು 1994ರಲ್ಲಿ. ಅದು ಗೊತ್ತಿಲ್ಲದ ವೈದ್ಯ ಸಿಬ್ಬಂದಿ ಕರ್ನಾಟಕದಲ್ಲಿ ಇರಲಾರರು. ಒಬ್ಬ ಕರೆತಂದ, ಒಬ್ಬ ಯಂತ್ರ ಹಿಡಿದ, ಒಬ್ಬ ಬಾಗಿಲು ಕಾದ. ಪಾಪವನ್ನು ಪಾಲು ಹಾಕಿಕೊಂಡರೆ ತನ್ನ ಪಾಲು ಹಗುರ ಎಂದು ಪ್ರತಿಯೊಬ್ಬನೂ ನಂಬಿದ್ದಿರಬೇಕು. ಬಾರದೇ ಹೋದ ಆ ಹೆಣ್ಣುಮಕ್ಕಳ ಮುಂದೆ ಈ ಪಾಲುಗಾರಿಕೆಯ ಲೆಕ್ಕಕ್ಕೆ ಯಾವ ಬೆಲೆಯೂ ಇಲ್ಲ.

ಹಾಗಾದರೆ ಒಬ್ಬಂಟಿ ನೌಕರ ಏನು ಮಾಡಬಲ್ಲ? ಇಲ್ಲಿ ಮಂಜುನಾಥ್ ಷಣ್ಮುಗಂ ಅವರನ್ನು ನೆನೆಯಬೇಕು. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಮ್ಯಾನೇಜ್ಮೆಂಟ್ ಓದಿದ ಹುಡುಗ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿದ್ದಾಗ ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕ್ ಮುಚ್ಚಿಸಿದರು. ಮತ್ತೆ ತಪಾಸಣೆಗೆ ಹೋದಾಗ, 2005ರ ನವೆಂಬರ್ 19ರಂದು, ಅವರನ್ನು ಗುಂಡಿಕ್ಕಿ ಕೊಂದರು. ಅವರಿಗಿನ್ನೂ 27 ವರ್ಷ. ಹಾಲಿಗೆ ನೀರು, ಡೀಸೆಲ್‌ಗೆ ಸೀಮೆಎಣ್ಣೆ: ಬೆರಕೆಯ ದಂಧೆ ಎಲ್ಲ ಕಡೆಯೂ ಒಂದೇ. ಅಕ್ರಮ ಬಯಲಿಗೆಳೆಯುವವರನ್ನು ಕಾಪಾಡಲೆಂದು ಮಾಡಿದ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದರೆ ವರ್ಷಗಳು ಉರುಳಿದರೂ ಅದನ್ನು ಜಾರಿಗೆ ತರಲಿಲ್ಲ. ಇದು ನಮ್ಮ ಸರ್ಕಾರಗಳು ದುಡಿಯುವವರಿಗೆ ಮಾಡಿರುವ ದ್ರೋಹ ಎಂದೇ ಹೇಳುತ್ತೇನೆ.

ಎಲ್ಲರೂ ಮಂಜುನಾಥ್ ಆಗಲಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಪ್ರಾಣ ಪಣಕ್ಕಿಡುವ ಧೈರ್ಯಕ್ಕಿಂತ ಬಹಳ ಕೆಳಗೆ, ನಿತ್ಯದ ಧೈರ್ಯವೊಂದಿದೆ. "ಈ ಬೆಸುಗೆ ನಾನು ಹಾಕಲ್ಲ, ಬೇರೆಯವರನ್ನ ನೋಡ್ಕೊಳಿ ಅಣ್ಣ" ಎನ್ನಲು ಒಂದು ದಿನದ ಕೂಲಿ ಹೋಗುತ್ತದೆ. ಹೋಗುತ್ತದೆ, ನಿಜ, ಆ ಒಂದು ದಿನದ ಕೂಲಿಯನ್ನೇ ನಂಬಿದ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ಇಲ್ಲ ಎನ್ನುವ ಹೊರೆಯನ್ನು ಬಡವರ ಮೇಲಷ್ಟೇ ಹೊರಿಸಿ ಉಳಿದವರು ಸುಮ್ಮನಿರುವುದು ತಪ್ಪು. ಡೇರಿಯ ಸೆಕ್ರೆಟರಿ ಗೌಡರ ಹಾಲಿಗೂ ಕೂಲಿಯವರ ಹಾಲಿಗೂ ಒಂದೇ ಲ್ಯಾಕ್ಟೋಮೀಟರ್ ಇಳಿಸಬೇಕು. ಆಲೆಮನೆಯವನು ಬೆಲ್ಲಕ್ಕೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಹಾಕದಿರಬೇಕಾದರೆ ಕೊಳ್ಳುವ ನಾವು ಹೊಂಬಣ್ಣದ ಅಚ್ಚೇ ಬೇಕೆಂಬ ಹಟ ಬಿಡಬೇಕು. ಬೆಂಡೆ ಗಿಡದ ಲೋಳೆ ಹಾಕಿಯೂ ಕಬ್ಬಿನ ಹಾಲಿನ ಕೊಳೆ ತೆಗೆಯಬಹುದು. ರಾಸಾಯನಿಕವಿಲ್ಲದ ಬೆಲ್ಲ ಮಾಡುವ ವಿಧಾನವನ್ನು ಮಂಡ್ಯದ ವಿ.ಸಿ. ಫಾರಂನಲ್ಲಿ ಕಲಿಸುತ್ತಾರೆ. ಬಣ್ಣ ಕಂದು ಎಂದು ಮಾರುಕಟ್ಟೆ ಬೆಲೆ ಇಳಿಸಿದರೆ ಕಲಿತವನೂ ಹಳೆಯ ದಾರಿಗೇ ಹೋಗುತ್ತಾನೆ.

ಹಾಲಿನ ಸಂಘಗಳಿಗೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇರುತ್ತದೆ. ಬಹಳ ಕಡೆ ಅದು ಸಹಿ ಹಾಕಿ, ತಿಂಡಿ ತಿಂದು ಎದ್ದು ಬರುವ ಸಭೆ. ಈ ಸಲ ಒಬ್ಬರಾದರೂ ಎದ್ದು ಕೇಳಲಿ: ಟೆಸ್ಟಿಂಗ್ ಯಂತ್ರವನ್ನು ಕೊನೆಯದಾಗಿ ಪರೀಕ್ಷೆ ಮಾಡಿಸಿದ್ದು ಯಾವಾಗ? ಪ್ರತಿ ಹೊತ್ತಿನ ಹಾಲಿಗೂ ಚೀಟಿ ಕೊಡುತ್ತೀರಾ? ನಮ್ಮ ಸಂಘದಿಂದ ಹೊರಟಾಗ ಹಾಲಿನಲ್ಲಿದ್ದ ಕೊಬ್ಬಲ್ಲದ ಘನಾಂಶ, ಅಂದರೆ ಎಸ್‌ಎನ್‌ಎಫ್ ಎಷ್ಟು, ಒಕ್ಕೂಟ ತೋರಿಸಿದ್ದು ಎಷ್ಟು? ಎರಡಕ್ಕೂ ವ್ಯತ್ಯಾಸವಿದ್ದರೆ ಯಾರನ್ನು ಕೇಳಿದಿರಿ, ಅವರು ಏನಂದರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿಸಿಕೊಂಡ ಮೇಲೆ ಸಹಿ ಹಾಕಲಿ.