ಮೂತ್ರದ ಚೀಲ: ಯಾರಿಗೆ ಯಾವುದು?

ಊರಿನಿಂದ ಮಕ್ಕಳ ಮನೆಗೆ ಬಂದು ನೆಲೆಸಿದ ಹಿರಿಯರಲ್ಲಿ ಕೆಲವರಿಗೆ ಪ್ರಾಸ್ಟೇಟ್ ಗ್ರಂಥಿಯ ಬಾಧೆಯಿಂದಲೋ ಬೆನ್ನುಹುರಿಯ ಪೆಟ್ಟಿನಿಂದಲೋ ಮೂತ್ರ ತಾನಾಗಿ ಹೊರಬಾರದಂತಾಗುತ್ತದೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದಾದಾಗ ವೈದ್ಯರು ಕ್ಯಾಥೆಟರ್ ಇರಿಸಿ ಮನೆಗೆ ಕಳುಹಿಸುವುದುಂಟು. ಆಸ್ಪತ್ರೆಯಲ್ಲಿ ಮಂಚಕ್ಕೆ ತೂಗುಹಾಕಿದ ಚೀಲವೊಂದೇ ಗತಿಯೆಂದು ನಂಬಿ, ಓಡಾಡಬಲ್ಲವರೂ ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಡದಿರುವುದು ವಿಷಾದದ ಸಂಗತಿ. ಬೇರೆ ಮಾರ್ಗಗಳೂ ಇವೆ.

ಎರಡು ಲೀಟರಿನ ಆ ದೊಡ್ಡ ಚೀಲ ಹಾಸಿಗೆ ಹಿಡಿದವರಿಗೂ ರಾತ್ರಿಯ ಹೊತ್ತಿಗೂ ಯೋಗ್ಯವಾದುದು. ಆದರೆ ಅದು ಸದಾ ಮೂತ್ರಾಶಯಕ್ಕಿಂತ ಕೆಳಗಿರಬೇಕು; ನೆಲವನ್ನೂ ಮುಟ್ಟಬಾರದು. ಮುಂಬಯಿಯ ಒಂದು ಕೋಣೆಯ ಬಿಡಾರದಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಚಾಪೆಯ ಮೇಲೆ ಮಲಗಿದವರ ಚೀಲವೂ ಅದೇ ಮಟ್ಟದಲ್ಲಿದ್ದು, ಮೂತ್ರ ಸರಾಗವಾಗಿ ಇಳಿಯದೆ ಹಿಂದಕ್ಕೆ ಹರಿಯುವ ಸಂಭವವುಂಟು. ಚೀಲದ ಬೆಲೆಯನ್ನು ಲೆಕ್ಕಹಾಕುವವರು ಮೊದಲು ಮಂಚದ ಬೆಲೆಯನ್ನು ಸೇರಿಸಿಕೊಳ್ಳಲಿ.

ಎರಡನೆಯದು ತೊಡೆಗೋ ಮೀನಖಂಡಕ್ಕೋ ಪಟ್ಟಿಯಿಂದ ಕಟ್ಟುವ ಚಿಕ್ಕ ಚೀಲ. ಕಾಲುಚೀಲವೆಂದರೆ ಬೂಟಿನೊಳಗಿನದಾಗುವುದರಿಂದ ಅಂಗಡಿಯ ಹೆಸರಾದ ಲೆಗ್ ಬ್ಯಾಗ್ ಎಂದೇ ಕರೆಯೋಣ. ಸಾಮಾನ್ಯವಾಗಿ 500ರಿಂದ 750 ಮಿಲಿಲೀಟರ್ ಹಿಡಿಯುವ ಇದು ಪಂಚೆ, ಸೀರೆಗಳ ಮರೆಯಲ್ಲಿ ಕಾಣಿಸದು. ಅದನ್ನು ಕಟ್ಟಿಕೊಂಡು ದೇವಸ್ಥಾನಕ್ಕೂ ಸಂಘದ ಸಭೆಗೂ ಬರಬಹುದು. ಪೂರ್ತಿ ತುಂಬುವವರೆಗೆ ಕಾಯದೆ, ಮುಕ್ಕಾಲು ಭಾಗಕ್ಕೆ ಬರುವ ಮೊದಲೇ ಬರಿದು ಮಾಡಬೇಕು. ಭಾರ ಹೆಚ್ಚಿದರೆ ನಳಿಕೆ ಜಗ್ಗುತ್ತದೆ. ರಾತ್ರಿ ಇದನ್ನು ಕಳಚಬಾರದು. ಇದರ ಕೆಳತುದಿಗೇ ದೊಡ್ಡ ಚೀಲವನ್ನು ಜೋಡಿಸಿ ಅಲ್ಲಿನ ನಲ್ಲಿಯನ್ನು ತೆರೆದಿಟ್ಟರಾಯಿತು.

ಮೂರನೆಯದಾದ ಕ್ಯಾಥೆಟರ್ ವಾಲ್ವ್‌ಗೆ ಹಗಲಿನಲ್ಲಿ ಚೀಲವೇ ಬೇಡ. ನಳಿಕೆಯ ತುದಿಯಲ್ಲೊಂದು ಪುಟ್ಟ ನಲ್ಲಿ. ಮೂತ್ರ ಮೂತ್ರಾಶಯದಲ್ಲಿಯೇ ನಿಂತಿದ್ದು, ಮೂರು ನಾಲ್ಕು ಗಂಟೆಗೊಮ್ಮೆ ಶೌಚಾಲಯದಲ್ಲಿ ತೆರೆದು ಬಿಡುವುದು. ಇಷ್ಟು ಸುಖವಾದ ಏರ್ಪಾಡು ಎಲ್ಲರಿಗೂ ಸಲ್ಲದು. ಬೆರಳುಗಳಲ್ಲಿ ಹಿಡಿತವಿರಬೇಕು, ಹೊತ್ತಿನ ನೆನಪಿರಬೇಕು, ಮೂತ್ರಾಶಯಕ್ಕೆ ಹಿಡಿದಿಡುವ ಶಕ್ತಿಯಿರಬೇಕು. ಮೂತ್ರಪಿಂಡ ಕೆಟ್ಟವರಲ್ಲಿ ಇದರಿಂದ ಅಪಾಯವುಂಟು. ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಕೊಂಡು ತರಕೂಡದು.

ಯಾವುದನ್ನು ಆರಿಸಿದರೂ ಕ್ಯಾಥೆಟರಿನಿಂದ ಚೀಲದವರೆಗಿನ ಮಾರ್ಗ ಮುಚ್ಚಿರಬೇಕೆಂಬುದು ಮುಖ್ಯ. ಹೀಗೆ ಮುಚ್ಚಿಟ್ಟ ವ್ಯವಸ್ಥೆಯಿಂದ ಸೋಂಕು ತಗ್ಗುವುದನ್ನು ಅಮೆರಿಕದ ಕುನಿನ್ ಮತ್ತು ಮೆಕಾರ್ಮ್ಯಾಕ್ ಎಂಬ ಸಂಶೋಧಕರು 1966ರಲ್ಲಿಯೇ ತೋರಿಸಿಕೊಟ್ಟರು. ಲೆಗ್ ಬ್ಯಾಗನ್ನು ಸುಮಾರು ವಾರಕ್ಕೊಮ್ಮೆ ಬದಲಿಸುವಾಗಲಲ್ಲದೆ ಆ ಸಂಧಿಯನ್ನು ಬಿಚ್ಚಬಾರದು. ಚೀಲ ಮುಟ್ಟುವ ಮುನ್ನವೂ ನಂತರವೂ ಸೋಪಿನಿಂದ ಕೈ ತೊಳೆಯಬೇಕು.

ಬಹುಕಾಲ ಕ್ಯಾಥೆಟರ್ ಇದ್ದವರ ಮೂತ್ರದಲ್ಲಿ ರೋಗಾಣುಗಳು ಕಾಣಿಸಿಕೊಳ್ಳುವುದು ಸಹಜ. ಬಣ್ಣ ಕದಡಿತೆಂಬ ಮಾತ್ರಕ್ಕೆ ನೆರೆಯ ಔಷಧದಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಿಸುವುದು ತರವಲ್ಲ. ಆದರೆ ಚಳಿಜ್ವರ ಬಂದರೆ, ಹಿರಿಯರ ಮಾತು ಇದ್ದಕ್ಕಿದ್ದಂತೆ ತೊದಲಾಡಿದರೆ, ಮೂತ್ರದಲ್ಲಿ ರಕ್ತದ ಗರಣೆ ಕಂಡರೆ, ಅಥವಾ ಚೀಲ ಬರಿದಾಗಿದ್ದು ಕಿಬ್ಬೊಟ್ಟೆ ಬಿಗಿದರೆ, ಮೊದಲು ನಳಿಕೆ ಎಲ್ಲಿಯಾದರೂ ಮಡಚಿದೆಯೇ ಎಂದು ನೋಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು.