ಭಯವೂ ಚಿತ್ತೋದ್ವೇಗವೂ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮನೋವಿಕಾರಗಳನ್ನು ಎಣಿಸುವಾಗ ಭಯವನ್ನೂ ಚಿತ್ತೋದ್ವೇಗವನ್ನೂ ಬೇರೆ ಬೇರೆಯಾಗಿ ಹೇಳಿದೆ. ಈ ವಿವೇಕವು ನಮ್ಮ ಗೃಹಸ್ಥರಲ್ಲಿ ಇಂದಿಗೂ ಸಾಲದು. ಎದೆ ಬಡಿದುಕೊಂಡರೆ ಹೃದ್ರೋಗವೆಂದೂ, ನಿದ್ರೆ ಬಾರದಿದ್ದರೆ ದೃಷ್ಟಿದೋಷವೆಂದೂ, ಮನೆಯಿಂದ ಹೊರಡದಿದ್ದರೆ ಸೋಮಾರಿತನವೆಂದೂ ತೀರ್ಮಾನಿಸಿಬಿಡುವುದು ವಾಡಿಕೆ.

ಭಯವೆಲ್ಲವೂ ರೋಗವಲ್ಲ. ನಮ್ಮ ಬೀಜಾಡಿಯ ಕಡಲತೀರದಲ್ಲಿ, ಗಾಳಿಯೆದ್ದ ರಾತ್ರಿ ಗಂಡನ ದೋಣಿ ಮರಳುವವರೆಗೆ ಹೆಂಡತಿಯು ಕಣ್ಣು ಮುಚ್ಚದಿದ್ದರೆ ಅದು ಸ್ವಭಾವಧರ್ಮ. ಆದರೆ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು, ದೋಣಿಯು ಗಂಗೊಳ್ಳಿಯ ಬಂದರಿನಲ್ಲಿ ಕಟ್ಟಿರುವಾಗಲೂ, ಗಂಡನು ಜಗಲಿಯಲ್ಲಿಯೇ ಕುಳಿತು ಬಲೆ ಸರಿಪಡಿಸುತ್ತಿರುವಾಗಲೂ ಆಕೆಯ ತಳಮಳ ತಗ್ಗದೆ, ಸಾಲ, ಮಕ್ಕಳ ಪರೀಕ್ಷೆ, ಅತ್ತೆಯ ಕೆಮ್ಮು ಎಂದು ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಆರು ತಿಂಗಳ ಕಾಲ ಹೆಚ್ಚಿನ ದಿನಗಳಲ್ಲಿ ಹಾಗೆಯೇ ಉಳಿದು, ನಿದ್ರೆ ಕೆಟ್ಟು, ಮೈ ಬಿಗಿದು, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ವೈದ್ಯರು ಅದನ್ನು ಸಾಮಾನ್ಯೀಕೃತ ಆತಂಕವ್ಯಾಧಿಯೆನ್ನುವರು.

ಇನ್ನೊಂದು ಬಗೆಯು ಸಿಡಿಲಿನಂತೆ ಎರಗತಕ್ಕದ್ದು. ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ, ಕೈಕಾಲು ನಡುಗಿ, ಇದೇ ಮರಣವೆಂದು ತೋರುವುದು. ಒಮ್ಮೆ ಬಂದ ಮಾತ್ರಕ್ಕೆ ವ್ಯಾಧಿಯಲ್ಲ. ಕಾರಣವಿಲ್ಲದೆ ಪದೇ ಪದೇ ಬಂದು, ಮತ್ತೆ ಬಂದೀತೆಂಬ ಅಂಜಿಕೆಯು ತಿಂಗಳಾದರೂ ಬಿಡದಿದ್ದರೆ ಅದು ಪ್ಯಾನಿಕ್ ವ್ಯಾಧಿ. ಅಮೆರಿಕದ ಮನೋವೈದ್ಯರು ಈ ಎರಡನ್ನು ತಮ್ಮ ವರ್ಗೀಕರಣದಲ್ಲಿ ಬೇರ್ಪಡಿಸಿದ್ದು 1980ರಲ್ಲಿ. ವಿಂಗಡಿಸುವ ಚಪಲವು ನಮ್ಮ ಶಾಸ್ತ್ರಕಾರರಿಗೆ ಮಾತ್ರ ಇದ್ದುದಲ್ಲ!

ಹಾವು, ಎತ್ತರ ಮುಂತಾದ ಒಂದೇ ವಸ್ತುವಿಗೆ ಅಂಟಿದ ಅತಿಭೀತಿಯನ್ನು ಗುರುತಿಸುವುದು ಸುಲಭ. ಸಾಮಾಜಿಕ ಆತಂಕವು ಹಾಗಲ್ಲ. ಹಾಜರಿ ಕರೆದಾಗ ಉತ್ತರ ಕೊಡಲೂ ಬೆವರುವ ಬಾಲಕನನ್ನು ಉಪಾಧ್ಯಾಯರು ಉದ್ಧಟನೆಂದು ಬಗೆಯುವುದುಂಟು. ನಾಲ್ವರ ಮುಂದೆ ನಗೆಗೀಡಾದೇನೆಂಬ ಅವನ ಸಂಕಟವು ಬೆತ್ತಕ್ಕೆ ಬಗ್ಗತಕ್ಕದ್ದಲ್ಲ.

ಆತಂಕವನ್ನು ತೋರಿಸಿಕೊಡುವ ರಕ್ತಪರೀಕ್ಷೆಯಿಲ್ಲ. ಆದರೆ ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಹೃದಯಗತಿಯ ದೋಷ, ಮಿತಿಮೀರಿದ ಕಾಫಿ, ಮದ್ಯವನ್ನು ಥಟ್ಟನೆ ಬಿಟ್ಟ ಸ್ಥಿತಿ, ಇವೆಲ್ಲ ಇದೇ ವೇಷದಲ್ಲಿ ಬರುವುದರಿಂದ ವೈದ್ಯರು ಮೊದಲು ಅವುಗಳನ್ನು ಶೋಧಿಸುವರು. ಹೊಸದಾಗಿ ಎದೆನೋವು ಬಂದಾಗ ಮನೆಯಲ್ಲಿಯೇ ಆತಂಕವೆಂದು ನಿರ್ಣಯಿಸುವುದು ಸರ್ವಥಾ ಸಲ್ಲದು. ಉಳಿದ ನಿದಾನವು ವಿಚಾರಣೆಯಿಂದಲೇ ಆಗಬೇಕು. ಯಾವಾಗ ಆರಂಭವಾಯಿತು, ಎಷ್ಟು ಹೊತ್ತು ಇರುವುದು, ಯಾವ ಸ್ಥಳವನ್ನು ಅಥವಾ ಕೆಲಸವನ್ನು ತಪ್ಪಿಸುತ್ತಿರುವರು ಎಂಬುದನ್ನು ಮನೆಯವರು ಬರೆದುಕೊಂಡು ಹೋಗಲಿ. ರೋಗಿಯ ಪರವಾಗಿ ತಾವೇ ಮಾತನಾಡದಿರಲಿ. ಮಾತಿನ ಚಿಕಿತ್ಸೆಯಿಂದಲೂ ಔಷಧದಿಂದಲೂ ಗುಣ ಕಾಣುವವರು ಬಹಳ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗಲು ಹಿಂಜರಿಯುವವರು 2022ರ ಅಕ್ಟೋಬರದಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ, 14416 ಸಂಖ್ಯೆಯಲ್ಲಿ, ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು.