ಹಳೆಯ ವಸ್ತುಗಳ ಆನ್‌ಲೈನ್ ಮರುಮಾರಾಟ

ಹಳೆಯ ವಸ್ತುಗಳ ಆನ್‌ಲೈನ್ ಮರುಮಾರಾಟ ಎಂದರೆ ಗುಜರಿ ಅಂಗಡಿ, ರದ್ದಿ ಅಂಗಡಿ, ಸಂತೆ ಅಥವಾ ಮನೆ ಖಾಲಿ ಮಾಡುವವರಿಂದ ಬಳಸಿದ ವಸ್ತುಗಳನ್ನು ಆರಿಸಿ ಕೊಂಡು, ಅಂತರಜಾಲದ ಮೂಲಕ ಹೆಚ್ಚಿನ ಬೆಲೆಗೆ ಮಾರುವ ಸಣ್ಣ ವ್ಯಾಪಾರ. ಎರಡು ಬಗೆಯ ಬೆಲೆಗಳ ನಡುವಿನ ಅಂತರವೇ ಇದರ ಲಾಭದ ಮೂಲ. ಗುಜರಿಯಲ್ಲಿ ವಸ್ತುವಿಗೆ ತೂಕದ ಬೆಲೆ ಸಿಗುತ್ತದೆ. ಅದೇ ವಸ್ತುವನ್ನು ಹುಡುಕುತ್ತಿರುವ ವ್ಯಕ್ತಿ ಅದಕ್ಕೆ ಬಿಡಿವಸ್ತುವಿನ ಬೆಲೆ ಕೊಡುತ್ತಾನೆ. ಈ ಲೇಖನವು ಶಿವಮೊಗ್ಗ ನಗರ ಮತ್ತು ಭದ್ರಾವತಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವ್ಯಾಪಾರದ ರೀತಿ, ಲೆಕ್ಕಾಚಾರ ಮತ್ತು ಕಾನೂನಿನ ಮಿತಿಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಬ್ರಿಟನ್ ಮತ್ತು ಅಮೆರಿಕದಲ್ಲಿ ದತ್ತಿ ಸಂಸ್ಥೆಗಳು ದಾನವಾಗಿ ಬಂದ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಮಾರುವ ಅಂಗಡಿಗಳನ್ನು ನಡೆಸುತ್ತವೆ. ಭಾರತದಲ್ಲಿ ಅಂತಹ ಅಂಗಡಿಗಳು ವಿರಳ. ಇಲ್ಲಿ ಹಳೆಯ ಸಾಮಾನು ಮನೆಬಾಗಿಲಿಗೆ ಬರುವ ಗುಜರಿಯವರು, ರದ್ದಿ ಪೇಪರ್ ಕೊಳ್ಳುವವರು, ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಮತ್ತು ಹಳೆಯ ಹಿತ್ತಾಳೆಯನ್ನು ಹೊಸ ಪಾತ್ರೆಗೆ ಬದಲಾಯಿಸಿಕೊಡುವ ಪಾತ್ರೆ ಅಂಗಡಿಗಳ ಮೂಲಕ ಕೈ ಬದಲಾಯಿಸುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ಮತ್ತು ಸಂಡೇ ಬಜಾರ್ ಈ ಪದ್ಧತಿಯ ದೊಡ್ಡ ರೂಪಗಳು.

ಅಂತರಜಾಲವು ಈ ವ್ಯಾಪಾರಕ್ಕೆ ದೂರದ ಗ್ರಾಹಕನನ್ನು ಒದಗಿಸಿತು. ಓಎಲ್‌ಎಕ್ಸ್ ಮತ್ತು ಕ್ವಿಕರ್ ತಾಣಗಳು ಊರಿನೊಳಗಿನ ನೇರ ಮಾರಾಟವನ್ನು ಬೆಳೆಸಿದವು. ಇಬೇಯ ಭಾರತೀಯ ತಾಣವನ್ನು 2017ರಲ್ಲಿ ತನ್ನದಾಗಿಸಿಕೊಂಡ ಫ್ಲಿಪ್‌ಕಾರ್ಟ್, ಮರುವರ್ಷವೇ ಅದನ್ನು ಮುಚ್ಚಿತು. ಕೋವಿಡ್ ಕಾಲದ ಬಳಿಕ ಇನ್‌ಸ್ಟಾಗ್ರಾಂ ಪುಟಗಳ ಮೂಲಕ ಬಳಸಿದ ಬಟ್ಟೆ ಮಾರುವುದು ಕಾಲೇಜು ವಿದ್ಯಾರ್ಥಿಗಳಲ್ಲಿ ರೂಢಿಗೆ ಬಂದಿತು.

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಸರಕಿನ ಮೂಲ

ಸುಮಾರು 20 ಕಿಲೋಮೀಟರ್ ಅಂತರದಲ್ಲಿರುವ ಈ ಎರಡು ಊರುಗಳ ಹಳೆಯ ಸಾಮಾನಿನ ಸ್ವರೂಪ ಬೇರೆ ಬೇರೆ. ಶಿವಮೊಗ್ಗವು ಜಿಲ್ಲಾ ಕೇಂದ್ರ. ಕಾಲೇಜುಗಳ ಮತ್ತು ಓದುಗರ ಊರು. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಹಳೆಯ ಮನೆಗಳಿಂದ ಹೊರಬೀಳುವ ಪುಸ್ತಕ, ತಾಮ್ರದ ಹಂಡೆ, ಹಿತ್ತಾಳೆ ಕೊಡ, ಗೋಡೆ ಗಡಿಯಾರಗಳೂ ಮಾರಾಟಕ್ಕೆ ಇಲ್ಲಿಗೇ ಬರುತ್ತವೆ. ಕುವೆಂಪು, ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್ ಮುಂತಾದವರ ಜಿಲ್ಲೆಯಾದ್ದರಿಂದ ಕನ್ನಡ ಸಾಹಿತ್ಯದ ಹಳೆಯ ಮುದ್ರಣಗಳು ರದ್ದಿಯಲ್ಲಿ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಮರುಮುದ್ರಣ ಕಾಣದ ಪುಸ್ತಕಗಳು, 'ಕಸ್ತೂರಿ', 'ಸುಧಾ', 'ಮಯೂರ' ಪತ್ರಿಕೆಗಳ ಹಳೆಯ ಸಂಚಿಕೆಗಳು ಸಂಗ್ರಾಹಕರಿಗೆ ಬೇಕಾದವು.

ಭದ್ರಾವತಿಯದು ಕಾರ್ಖಾನೆಯ ಕಥೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಅಂದರೆ ಇಂದಿನ ವಿಐಎಸ್‌ಎಲ್, ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇಲ್ಲಿ ಸಂಬಳದಾರ ಕುಟುಂಬಗಳ ದೊಡ್ಡ ವಸತಿಗಳನ್ನು ಕಟ್ಟಿದವು. 2015–16ರ ಹೊತ್ತಿಗೆ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವುದಕ್ಕೆ ಸೈಲ್ ಆಡಳಿತ ಮಂಡಳಿ ಒಪ್ಪಿಗೆ ನೀಡಿದಾಗ ಕಾರ್ಮಿಕರು ದೀರ್ಘ ಹೋರಾಟ ನಡೆಸಿದರು. ಬಳಿಕ ಕೆಲವು ಘಟಕಗಳು ಮತ್ತೆ ಚಾಲನೆ ಪಡೆದವು. ನ್ಯೂಟೌನ್ ಅಥವಾ ಕಾಗದನಗರದ ವಸತಿಗೃಹ ಬಿಟ್ಟು ಹೋಗುವ ಕುಟುಂಬಕ್ಕೆ ಸಾಮಾನನ್ನೆಲ್ಲ ಹೊತ್ತೊಯ್ಯಲಾಗದು. ಮರದ ಕುರ್ಚಿ, ಹೊಲಿಗೆ ಯಂತ್ರ, ರೇಡಿಯೋ, ಕೈಗಡಿಯಾರ, ತಾಂತ್ರಿಕ ಕೈಪಿಡಿಗಳು ಮೊದಲು ನೆರೆಯವರಿಗೆ, ಉಳಿದದ್ದು ಗುಜರಿಗೆ ಹೋಗುತ್ತವೆ. ಒಬ್ಬರ ನಷ್ಟದ ಹೊತ್ತೇ ಇನ್ನೊಬ್ಬರ ವ್ಯಾಪಾರದ ಹೊತ್ತಾಗುವುದು ಈ ಉದ್ಯೋಗದ ಅಹಿತಕರ ಸತ್ಯ.

ವಸ್ತುವಿನ ಆಯ್ಕೆ

ಬೆಲೆ ತಿಳಿಯುವಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ: ತಾಣದಲ್ಲಿ ಕಾಣುವ ಬೆಲೆಯನ್ನು ಮಾರಾಟದ ಬೆಲೆ ಎಂದು ಭಾವಿಸುವುದು. 1,500 ರೂಪಾಯಿ ಎಂದು ನಮೂದಾದ ಪುಸ್ತಕ ಎರಡು ವರ್ಷ ಅಲ್ಲೇ ಬಿದ್ದಿರಬಹುದು. ಕೇಳುವ ಬೆಲೆಯನ್ನು ಯಾರು ಬೇಕಾದರೂ ಬರೆಯಬಹುದು. ಆದ್ದರಿಂದ ನಿಜವಾಗಿ ಮಾರಾಟವಾದ ಬೆಲೆಯನ್ನು ತೋರಿಸುವ ಹರಾಜು ತಾಣಗಳ ದಾಖಲೆ ಹೆಚ್ಚು ನಂಬಲರ್ಹ.

ಪುಸ್ತಕದಲ್ಲಿ ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಬೇಕು. ಮುದ್ರಣದ ವರ್ಷ, ಎಷ್ಟನೆಯ ಮುದ್ರಣ, ಪ್ರಕಾಶಕರ ಹೆಸರು ಅಲ್ಲಿರುತ್ತವೆ. ಈಗಲೂ ಮುದ್ರಣದಲ್ಲಿರುವ ಜನಪ್ರಿಯ ಕಾದಂಬರಿಯ ಹಳೆಯ ಪ್ರತಿಗಿಂತ, ಒಮ್ಮೆ ಮಾತ್ರ ಅಚ್ಚಾದ ಸ್ಥಳೀಯ ಇತಿಹಾಸ ಅಥವಾ ಸಂಶೋಧನಾ ಗ್ರಂಥಕ್ಕೆ ಬೇಡಿಕೆ ಹೆಚ್ಚು. ಗ್ರಂಥಾಲಯದ ಮೊಹರು ಇದ್ದು, ವಿಲೇವಾರಿ ಮಾಡಿದ ಗುರುತು ಇಲ್ಲದ ಪುಸ್ತಕವನ್ನು ಕೊಳ್ಳದಿರುವುದು ಲೇಸು. ಪಠ್ಯಪುಸ್ತಕಗಳಿಗೆ ಶೈಕ್ಷಣಿಕ ವರ್ಷದ ಆರಂಭದಲ್ಲಿ ಬೇಡಿಕೆ ಇರುತ್ತದೆ. ಪಠ್ಯಕ್ರಮ ಬದಲಾದ ದಿನವೇ ಅವು ಮತ್ತೆ ತೂಕದ ಬೆಲೆಗೆ ಇಳಿಯುತ್ತವೆ. ಮಲೆನಾಡಿನ ಮಳೆಗಾಲವೂ ಲೆಕ್ಕಕ್ಕೆ ಬರಬೇಕು. ಬೂಷ್ಟು ಹಿಡಿದ ಒಂದು ಪುಸ್ತಕ ಪಕ್ಕದಲ್ಲಿರುವ ಹತ್ತನ್ನು ಕೆಡಿಸುತ್ತದೆ. ಗೆದ್ದಲಿನ ಗುರುತು ಇದ್ದದ್ದನ್ನು ಮನೆಯೊಳಗೆ ತರಲೇಬಾರದು.

ಕೈಗಡಿಯಾರಗಳಲ್ಲಿ ಎಚ್‌ಎಂಟಿಗೆ ವಿಶೇಷ ಸ್ಥಾನವಿದೆ. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ನಂತರ, ಜನತಾ, ಪೈಲಟ್ ಮುಂತಾದ ಕೀಲಿ ಕೊಡುವ ಮಾದರಿಗಳು ಸಂಗ್ರಾಹಕರ ವಸ್ತುಗಳಾದವು. ಬೇಡಿಕೆಯ ಬೆನ್ನಿಗೇ ನಕಲಿಯೂ ಬಂದಿತು. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ 'ಅಪರೂಪದ ಮಾದರಿ' ಎಂದು ಮಾರುವುದುಂಟು. ಇಂತಹವನ್ನು ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎನ್ನುತ್ತಾರೆ. ಎಚ್‌ಎಂಟಿ ಎಂದೂ ತಯಾರಿಸದ ಗಾಢ ಬಣ್ಣ, ಅಳತೆ ತಪ್ಪಿದ ಅಕ್ಷರಗಳು ಅವುಗಳ ಗುರುತು.

ಲಾಭದ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕ ಹೀಗಿದೆ. ರದ್ದಿ ಅಂಗಡಿಯಲ್ಲಿ ತಲಾ 20 ರೂಪಾಯಿಯಂತೆ 10 ಪುಸ್ತಕ ಕೊಂಡರೆ ಬಂಡವಾಳ 200 ರೂಪಾಯಿ. ವರ್ಷದೊಳಗೆ ಆರು ಪುಸ್ತಕಗಳು ತಲಾ 150ರಂತೆ ಮಾರಾಟವಾದರೆ 900 ರೂಪಾಯಿ ಬರುತ್ತದೆ. ಪ್ರತಿ ಪುಸ್ತಕದ ಅಂಚೆ ಮತ್ತು ಪ್ಯಾಕಿಂಗ್‌ಗೆ 50ರಂತೆ 300, ತಾಣದ ಶುಲ್ಕ ಶೇಕಡಾ 10 ಎಂದರೆ 90. ಉಳಿಯುವುದು 310 ರೂಪಾಯಿ. ಅದರಲ್ಲಿ ಓಡಾಟದ ಪೆಟ್ರೋಲ್, ಚಿತ್ರ ತೆಗೆದು ವಿವರ ಬರೆಯುವ ಸಮಯ ಸೇರಿಲ್ಲ. 20ಕ್ಕೆ ಕೊಂಡದ್ದನ್ನು 150ಕ್ಕೆ ಮಾರಿದೆ ಎಂಬ ಮಾತು ನಿಜವಾದರೂ, ಮಾರಾಟವಾಗದೆ ಉಳಿದ ನಾಲ್ಕು ಪುಸ್ತಕಗಳನ್ನು ಅದು ಮರೆಮಾಚುತ್ತದೆ.

ಅಂಚೆ ವೆಚ್ಚವೇ ಅಗ್ಗದ ವಸ್ತುಗಳ ಶತ್ರು. ಅಂಚೆ ಇಲಾಖೆಯು 2025ರ ಮೇ 1ರಿಂದ ಪುಸ್ತಕಗಳಿಗಾಗಿ 'ಜ್ಞಾನ ಪೋಸ್ಟ್' ಸೇವೆ ಆರಂಭಿಸಿತು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗ್ರಾಂಗೆ 100 ರೂಪಾಯಿ; ತೆರಿಗೆ ಪ್ರತ್ಯೇಕ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಇದು ಅನ್ವಯಿಸುತ್ತದೆ. ಬೀರು, ಫ್ರಿಜ್‌ನಂತಹ ಭಾರದ ವಸ್ತುಗಳನ್ನು ಕೊಳ್ಳುವವರೇ ಬಂದು ಒಯ್ಯುವಂತೆ ಊರಿನೊಳಗೇ ಮಾರುವುದು ರೂಢಿ.

ಕೊಡುವವರೊಂದಿಗಿನ ವ್ಯವಹಾರ

ವಸ್ತುವಿನ ನಿಜವಾದ ಬೆಲೆ ತಿಳಿದವನು ಅದನ್ನು ತಿಳಿಯದವರಿಂದ ಕೊಳ್ಳುವುದು ಈ ವ್ಯಾಪಾರದ ತಿರುಳು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮಿನ ಪ್ರಕಾರ ಸುಮ್ಮನಿರುವುದಷ್ಟೇ ಸಾಮಾನ್ಯವಾಗಿ ವಂಚನೆಯಾಗುವುದಿಲ್ಲ. ಆದರೆ ಬೆಲೆಬಾಳುವ ವಸ್ತುವನ್ನು ಗೊತ್ತಿದ್ದೂ 'ಇದು ಕೆಲಸಕ್ಕೆ ಬಾರದ್ದು' ಎಂದು ಸುಳ್ಳು ಹೇಳಿ ಕೊಂಡರೆ ಅದು ವಂಚನೆಯಾಗಬಹುದು. ಗುಜರಿಯವನು ತೂಕದ ಮೇಲೆ ತನ್ನ ಲಾಭ ಇಟ್ಟುಕೊಂಡೇ ಮಾರುತ್ತಾನೆ. ಗಂಡನ ಪುಸ್ತಕದ ಕಪಾಟು ಖಾಲಿ ಮಾಡುತ್ತಿರುವ ವೃದ್ಧೆಯ ಸ್ಥಿತಿ ಹಾಗಲ್ಲ. ಕಾನೂನು ಈ ಎರಡರ ನಡುವೆ ಗೆರೆ ಎಳೆಯದಿದ್ದರೂ ಊರಿನಲ್ಲಿ ಹೆಸರು ಉಳಿಸಿಕೊಳ್ಳಬೇಕಾದವರು ಎಳೆಯಲೇಬೇಕಾಗುತ್ತದೆ.

ಮಾರಬಾರದ ವಸ್ತುಗಳು

ಮಲೆನಾಡಿನ ಹಳೆಯ ಮನೆಗಳಿಂದ ಬರುವ ಸಾಮಾನಿನಲ್ಲಿ ಕಾನೂನಿನ ಅಪಾಯ ಹೆಚ್ಚು. 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಕಡಿಮೆಯಿಲ್ಲದ ಶಿಲ್ಪ, ನಾಣ್ಯ, ಕಲಾಕೃತಿ ಮುಂತಾದವು ಪ್ರಾಚ್ಯವಸ್ತುಗಳಾಗಬಹುದು. ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಪರವಾನಗಿ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಅಟ್ಟದಲ್ಲಿ ಸಿಕ್ಕ ತಾಳೆಗರಿ ಅಥವಾ ಕಡತವನ್ನು ಮಾರಾಟಕ್ಕಿಡುವ ಬದಲು, ಹಸ್ತಪ್ರತಿಗಳ ಸಂಗ್ರಹವಿರುವ ಕೆಳದಿಯ ವಸ್ತುಸಂಗ್ರಹಾಲಯದಂತಹ ಸಂಸ್ಥೆಯನ್ನು ಸಂಪರ್ಕಿಸಬಹುದು.

ಗೋಡೆಯ ಮೇಲಿನ ಜಿಂಕೆ ಅಥವಾ ಕಡವೆಯ ಕೊಂಬು, ಹುಲಿ ಉಗುರು, ಆನೆ ದಂತಗಳ ಮಾರಾಟವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಅಜ್ಜನ ಕಾಲದ್ದು ಎಂಬುದು ಸಮರ್ಥನೆಯಾಗದು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕದ ಪ್ರಕರಣಗಳು ರಾಜ್ಯದಾದ್ಯಂತ ಸುದ್ದಿಯಾದವು. ಹಳೆಯ ಮನೆ ಕೆಡವಿದ ಬೀಟೆ, ತೇಗದ ಮರಮುಟ್ಟುಗಳನ್ನು ಸಾಗಿಸುವ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಕದ್ದ ಮಾಲು ಎಂದು ತಿಳಿದು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಕಾರ್ಖಾನೆಯ ಮುದ್ರೆಯುಳ್ಳ ಉಪಕರಣಗಳು ಭದ್ರಾವತಿಯ ಗುಜರಿಯಲ್ಲಿ ಕಂಡರೆ ರಸೀದಿ ಕೇಳಬೇಕು. ಬಳಸಿದ ಮೊಬೈಲ್ ಕೊಳ್ಳುವ ಮುನ್ನ, 'ಕೆವೈಎಂ' ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ 15 ಅಂಕಿಗಳ ಐಎಂಇಐ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳುಹಿಸಿ, ಅಥವಾ ಸಂಚಾರ ಸಾಥಿ ತಾಣದಲ್ಲಿ, ಅದು ನಿರ್ಬಂಧಿತವಾಗಿದೆಯೇ ಎಂದು ಪರೀಕ್ಷಿಸಬಹುದು.

ತೆರಿಗೆ

ಮನೆಯ ಹಳೆಯ ಸೋಫಾ ಮಾರುವುದು ವ್ಯಾಪಾರವಲ್ಲ. ಲಾಭಕ್ಕಾಗಿ ಮತ್ತೆ ಮತ್ತೆ ಕೊಂಡು ಮಾರುವುದು ವ್ಯಾಪಾರ, ಅದರ ಲಾಭ ಆದಾಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ಇ-ಕಾಮರ್ಸ್ ತಾಣಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೂ 2023ರ ಅಕ್ಟೋಬರ್ 1ರಿಂದ ಷರತ್ತುಗಳೊಂದಿಗೆ ಈ ವಿನಾಯಿತಿ ದೊರೆತಿದೆ. ಹೊರರಾಜ್ಯಕ್ಕೆ ಕಳುಹಿಸುವವರು ಪ್ರತ್ಯೇಕವಾಗಿ ವಿಚಾರಿಸಬೇಕು. ನೋಂದಾಯಿತ ವ್ಯಾಪಾರಿಯು ಬಳಸಿದ ವಸ್ತುವನ್ನು ಹೂಡುವಳಿ ತೆರಿಗೆ ಜಮೆ ಪಡೆಯದೆ ಕೊಂಡು, ಅದರ ಸ್ವರೂಪ ಬದಲಿಸದೆ ಮಾರಿದಾಗ ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ತೆರಬಹುದು: 300ಕ್ಕೆ ಕೊಂಡು 500ಕ್ಕೆ ಮಾರಿದರೆ ತೆರಿಗೆ 200ರ ಮೇಲೆ. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಬಳಿಕ, ಖರೀದಿಯ ಚೀಟಿಗಳನ್ನು ಇಟ್ಟುಕೊಳ್ಳುವುದರ ಅಗತ್ಯ ಎಲ್ಲರಿಗೂ ಅರಿವಾಯಿತು.

ವಂಚನೆಗಳು

ಸಾಮಾನ್ಯವಾದ ವಂಚನೆಯಲ್ಲಿ ಕೊಳ್ಳುವವನೆಂದು ಹೇಳಿಕೊಂಡವನು, ಹಲವೊಮ್ಮೆ ತಾನು ಸೈನಿಕನೆಂದು ನಂಬಿಸಿ, ಹಣ ಕಳುಹಿಸುವುದಾಗಿ ಕ್ಯೂಆರ್ ಕೋಡ್ ಕಳುಹಿಸುತ್ತಾನೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಮಾರುವವರ ಖಾತೆಯಿಂದಲೇ ಹೋಗುತ್ತದೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಹಳೆಯ ನೋಟು, ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊದಲು ಶುಲ್ಕ ಕೇಳುವ ಜಾಹೀರಾತುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಹಣ ಕಳೆದುಕೊಂಡವರು ಕೂಡಲೇ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ನೀಡಬಹುದು.